ಎತ್ತಿನಹೊಳೆಯ ನೀರು, ಹಳೇಬೀಡಿನ ಕಪ್ಪೆ

2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ದೊರೆಯಿತು. ಮುಖ್ಯ ಕಾಲುವೆ ಪೂರ್ಣಗೊಳ್ಳುವ ತನಕ ಘಟ್ಟದ ನೀರನ್ನು ಹಳೇಬೀಡು, ಬೆಳವಾಡಿ ಕೆರೆಗಳ ಮೂಲಕ ವೇದಾವತಿ ಕಣಿವೆಗೆ ಇಳಿಸಿ ವಾಣಿವಿಲಾಸ ಸಾಗರಕ್ಕೆ ಹರಿಸುವ ಏರ್ಪಾಡಾಯಿತು. ಯೋಜನೆಯ ವೆಚ್ಚ, ನೀರಿನ ಲಭ್ಯತೆ, ಕಾಡಿನ ನಾಶ ಇವುಗಳ ಬಗ್ಗೆ ವರ್ಷಗಳಿಂದ ವಾಗ್ವಾದ ನಡೆದಿದೆ. ಬಯಲುಸೀಮೆಯ ಬಾಯಾರಿಕೆ ನಿಜವಾದುದು. ಅದನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ಆದರೆ ಪಶ್ಚಿಮಕ್ಕೆ ಹರಿಯುವ ತೊರೆಗಳ ನೀರು ಪೂರ್ವದ ಕೆರೆಗಳನ್ನು ಸೇರಿದಾಗ ಅಲ್ಲಿನ ಜೀವಜಾಲದಲ್ಲಿ ಏನು ಬದಲಾಯಿತೆಂದು ಯಾವ ಆಧಾರದ ಮೇಲೆ ಹೇಳಲಿದ್ದೇವೆ? ನೀರು, ನೆಲ ಎರಡನ್ನೂ ನಂಬಿ ಬಾಳುವ, ತೇವದ ಚರ್ಮದಿಂದಲೂ ಉಸಿರಾಡಬಲ್ಲ ಕಪ್ಪೆ ಇದಕ್ಕೆ ಒಳ್ಳೆಯ ಸಾಕ್ಷಿ. ಸಾಕ್ಷಿಯ ಗುರುತೇ ಸಿಗದಿದ್ದರೆ ಮಾತ್ರ ಸಾಕ್ಷ್ಯಕ್ಕೆ ಬೆಲೆಯಿಲ್ಲ.

ಹಾಸನ ಜಿಲ್ಲೆಯಲ್ಲಿ ಎರಡು ಕಪ್ಪೆಲೋಕಗಳಿವೆ. ಸಕಲೇಶಪುರದ ಘಟ್ಟದಲ್ಲಿ ನಿತ್ಯಹಸುರಿನ ಕಾಡು, ಬತ್ತದ ತೊರೆಗಳು. ಬೇಲೂರು ದಾಟಿ ಹಳೇಬೀಡಿನತ್ತ ಬಂದಂತೆ ಮಳೆ ತಗ್ಗುತ್ತದೆ. ಅರಸೀಕೆರೆಯ ತೆಂಗಿನ ಸೀಮೆ ತಲುಪುವಷ್ಟರಲ್ಲಿ ಅನೇಕ ಕಪ್ಪೆಗಳ ಸಂತಾನೋತ್ಪತ್ತಿ ಮಳೆಗಾಲದ ಕೆಲವೇ ರಾತ್ರಿಗಳಿಗೆ ಕಟ್ಟುಬಿದ್ದಿರುತ್ತದೆ.

ಘಟ್ಟದ ಲೋಕಕ್ಕೆ ಹಳೆಯ ದಾಖಲೆಯಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ 1937ರಲ್ಲಿ ಇದೇ ಜಿಲ್ಲೆಯ ಕೆಂಪುಹೊಳೆಯ ಪುಟ್ಟ ಕಪ್ಪೆಯೊಂದನ್ನು ವಿವರಿಸಿ ಆ ಸ್ಥಳದ ಹೆಸರನ್ನೇ ಇಟ್ಟರು. ಅವರ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಸುಮಾರು 75 ವರ್ಷ ಆ ಕಪ್ಪೆ ಬರಿಯ ಹೆಸರಾಗಿಯೇ ಉಳಿಯಿತು; 2011ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಅದರ ಮರುಶೋಧವನ್ನು ಪ್ರಕಟಿಸಿದರು.

ಬಯಲಿನ ಕಪ್ಪೆಗಳಿಗೆ ಅಷ್ಟು ಗಮನವೂ ದೊರೆತಿಲ್ಲ. ಅವು ಎಲ್ಲೆಡೆ ಇರುವ ಸಾಮಾನ್ಯ ಜೀವಿಗಳೆಂದು ಬದಿಗಿಡುವುದು ರೂಢಿ. ಈ ರೂಢಿ ಎಷ್ಟು ಪೊಳ್ಳೆಂಬುದು 2020ರಲ್ಲಿ ರಾಜಧಾನಿಯ ಅಂಚಿನಲ್ಲೇ ರುಜುವಾತಾಯಿತು. ರಾಜಾನುಕುಂಟೆಯಲ್ಲಿ ದೊರೆತ, ನೆಲ ತೋಡಿ ಅಡಗುವ ಕಪ್ಪೆಯೊಂದು ವಿಜ್ಞಾನಕ್ಕೆ ಹೊಸದೆಂದು ತಿಳಿದು ‘ಸ್ಫೇರೋಥೆಕಾ ಬೆಂಗಳೂರು’ ಎಂಬ ಹೆಸರು ಪಡೆಯಿತು. ಬೆಂಗಳೂರಿನ ಬಗಲಲ್ಲೇ ಹೀಗಿದ್ದರೆ ಅರಸೀಕೆರೆಯ ಕೆರೆಯಂಗಳಗಳಲ್ಲಿ ಏನಿದೆಯೆಂದು ನೋಡದೆ ಹೇಳುವಂತಿಲ್ಲ.

ಗುರುತಿಸಲು ಇಂದು ಮೂರು ದಾರಿಗಳಿವೆ. ಮೊದಲನೆಯದು ಕೂಗು. ಗಂಡು ತನ್ನ ಪ್ರಭೇದದ ಹೆಣ್ಣನ್ನು ಕರೆಯುವ ಕಾರಣ ಕೂಗಿನ ಅವಧಿ, ಕಂಪನಾಂಕ, ಮಿಡಿತಗಳ ವೇಗ ಪ್ರಭೇದದಿಂದ ಪ್ರಭೇದಕ್ಕೆ ಭಿನ್ನ. ಕಣ್ಣಿಗೆ ಒಂದೇ ಎನಿಸುವ ಗದ್ದೆಯ ಕಪ್ಪೆಗಳು ಕಿವಿಗೆ ಬೇರೆಯಾಗುವುದುಂಟು. ಆದರೆ ತಂಪು ಹೆಚ್ಚಿದಂತೆ ಮಿಡಿತ ನಿಧಾನಗೊಳ್ಳುತ್ತದೆ. ಉಷ್ಣಾಂಶ ನಮೂದಿಸದ ಧ್ವನಿಮುದ್ರಣ ಅರೆಬರೆ. ಎರಡನೆಯದು ದೇಹ: ಬೆರಳ ತುದಿ, ಕಾಲ್ಬೆರಳುಗಳ ನಡುವಿನ ಪೊರೆ, ನೆಲ ತೋಡುವ ಕಪ್ಪೆಯ ಹಿಂಗಾಲಿನ ಸಲಿಕೆಯಂಥ ಗಂಟು. ಬಣ್ಣವನ್ನು ನೆಚ್ಚುವಂತಿಲ್ಲ, ಒಂದೇ ಪ್ರಭೇದದಲ್ಲಿ ಬೆನ್ನ ಮೇಲೆ ಗೆರೆಯಿರುವವೂ ಇಲ್ಲದವೂ ಇರುತ್ತವೆ. ಮೂರನೆಯದು ವಂಶವಾಹಿ. ಚೂರು ಅಂಗಾಂಶದಿಂದ ಕೂಗಲಾರದ ಗೊದಮೊಟ್ಟೆಯನ್ನೂ ಗುರುತಿಸಬಹುದು. ಆದರೆ ಎಷ್ಟು ವ್ಯತ್ಯಾಸವಿದ್ದರೆ ಬೇರೆ ಪ್ರಭೇದ ಎಂಬುದಕ್ಕೆ ಎಲ್ಲ ಕುಲಗಳಿಗೂ ಸಲ್ಲುವ ಅಳತೆಗೋಲಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು.

ಹೆಸರಿಗಾಗಿ ಇಷ್ಟು ಶ್ರಮವೇಕೆ? ಭಾರತ 1987ರಲ್ಲಿ ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿತು. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹಳೆಯ ಅನುಸೂಚಿ ಕಪ್ಪೆಗಳನ್ನು ‘ರಾನಾ’ ಎಂಬ ಒಂದೇ ಕುಲದ ಹೆಸರಿನಡಿ ಇರಿಸಿತ್ತು. ವಿಜ್ಞಾನಿಗಳು ನಮ್ಮ ಗದ್ದೆ, ಕೆರೆಗಳ ಕಪ್ಪೆಗಳನ್ನು ಬೇರೆ ಕುಲಗಳಿಗೆ ಹಂಚಿದ ಮೇಲೂ ಕಾನೂನಿನಲ್ಲಿ ಆ ಹೆಸರೇ ಉಳಿದಿತ್ತು. 2022ರ ತಿದ್ದುಪಡಿಯಲ್ಲಷ್ಟೇ ಅನುಸೂಚಿಗಳು ಮರುರೂಪಗೊಂಡವು. ಹೆಸರು ಗೊತ್ತಿಲ್ಲದ ಜೀವಿಗೆ ಯಾವ ಪಟ್ಟಿಯಲ್ಲೂ ಜಾಗ ಸಿಗದು.

ಬೇಸಿಗೆಯಲ್ಲೂ ನೀರು ನಿಲ್ಲುವ ಕೆರೆಯಲ್ಲಿ ಮೀನು ಹೆಚ್ಚುತ್ತದೆ. ಮೀನು ಗೊದಮೊಟ್ಟೆಯನ್ನು ತಿನ್ನುತ್ತದೆ. ವರ್ಷವಿಡೀ ನೀರಲ್ಲಿರುವ ಕಪ್ಪೆಗೆ ತುಂಬಿದ ಕೆರೆ ವರವಾದರೆ, ಮಳೆಯ ತಾತ್ಕಾಲಿಕ ಹೊಂಡಗಳನ್ನು ನಂಬಿದ ಕಪ್ಪೆಗೆ ಅದೇ ಶಾಪವಾಗಬಹುದು. ಹೀಗಾದೀತೆಂಬುದು ತರ್ಕ, ಹೀಗಾಯಿತು ಎನ್ನಲು ಮೊದಲಿನ ಸ್ಥಿತಿಯ ದಾಖಲೆ ಬೇಕು.

ಆ ದಾಖಲೆ ದುಬಾರಿಯದಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಮುಂಗಾರಿನ ಮೊದಲ ರಾತ್ರಿಗಳಲ್ಲಿ ಪ್ರತಿ ಕೆರೆಯ ದಡದಲ್ಲಿ ಹತ್ತು ನಿಮಿಷದ ಧ್ವನಿಮುದ್ರಣ, ಉಷ್ಣಾಂಶ, ಒಂದೆರಡು ಛಾಯಾಚಿತ್ರ: ಇಷ್ಟನ್ನು ಮೊಬೈಲ್ ಹಿಡಿದ ಸ್ಥಳೀಯ ಕಾಲೇಜು ವಿದ್ಯಾರ್ಥಿಗಳು ಮಾಡಬಲ್ಲರು. ಅನುಮತಿ ಪಡೆದು ಅಂಗಾಂಶ ಸಂಗ್ರಹಿಸುವ ಹೊಣೆ ತಜ್ಞರದಾಗಲಿ, ವೆಚ್ಚ ಯೋಜನೆಯ ಲೆಕ್ಕಕ್ಕೆ ಸೇರಲಿ. ಕಾಲುವೆಯ ನೀರು ಇನ್ನೂ ಸೇರದ ಕೆರೆಗಳಿಂದಲೇ ಈ ಕೆಲಸ ಆರಂಭವಾಗಬೇಕು. ಎಷ್ಟು ಟಿಎಂಸಿ ನೀರು ಬಂತೆಂದು ಅಳೆಯುವ ಸರ್ಕಾರ, ಆ ನೀರಿಗೆ ಮುನ್ನ ಕೆರೆಯಲ್ಲಿ ಯಾರ ದನಿಯಿತ್ತೆಂಬುದನ್ನೂ ಬರೆದಿಡಲಿ.