ಮೊದಲು ಆಸನ, ಆಮೇಲೆ ಎಂಜಿನ್

ಕಾರನ್ನು ಪಂದ್ಯಕ್ಕೆ ಅಣಿಗೊಳಿಸುವುದೆಂದರೆ ಅದರ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದೇ ಸರಿ ಎಂಬ ನಂಬಿಕೆ ನಮ್ಮ ತರುಣರಲ್ಲಿ ಬಲವಾಗಿ ಬೇರೂರಿದೆ. ಕಾಲೇಜಿನಲ್ಲಿ ಉಷ್ಣಶಾಸ್ತ್ರದ ಪಾಠ ಬಂದಾಗಲೆಲ್ಲ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಸಾಧಾರಣ ಕಾರಿನ ಎಂಜಿನ್ನಿನಿಂದ ಇನ್ನೂ ಎಷ್ಟು ಅಶ್ವಶಕ್ತಿಯನ್ನು ಹೊರಡಿಸಬಹುದು? ಆ ಕಾರನ್ನು ನಡೆಸುವವನು ಎಲ್ಲಿ ಮತ್ತು ಹೇಗೆ ಕುಳಿತಿರಬೇಕೆಂದು ಕೇಳುವವರು ಇಲ್ಲವೆಂದೇ ಹೇಳಬೇಕು. ಹವ್ಯಾಸಿ ಪಂದ್ಯಕ್ಕೆ ಕಾರನ್ನು ಸಿದ್ಧಪಡಿಸತಕ್ಕವನು ಮೊದಲು ತನ್ನ ಆಸನವನ್ನು ಸರಿಪಡಿಸಿಕೊಳ್ಳಬೇಕು, ಎಂಜಿನ್ನಿಗೆ ಕೈಹಚ್ಚುವುದು ಅನಂತರದ ಮಾತು ಎಂಬುದು ನಮ್ಮ ಅಭಿಪ್ರಾಯ. ಇದು ಕೇವಲ ಹಿರಿಯರ ಎಚ್ಚರಿಕೆಯ ಮಾತಲ್ಲ. ಭೌತಶಾಸ್ತ್ರವೇ ಇದಕ್ಕೆ ಸಾಕ್ಷಿ ನುಡಿಯುತ್ತದೆ.

ನಿದರ್ಶನಕ್ಕಾಗಿ ಬ್ರಿಟನ್ನಿನ ಮಿನಿ ಕಾರನ್ನು ತೆಗೆದುಕೊಳ್ಳೋಣ. ಅಲೆಕ್ ಇಸಿಗೊನಿಸ್ ಎಂಬ ಎಂಜಿನಿಯರು ರೂಪಿಸಿದ ಈ ಕಾರು 1959ರ ಆಗಸ್ಟ್ ತಿಂಗಳಲ್ಲಿ ಬೆಳಕು ಕಂಡು, 2000ದವರೆಗೆ ತಯಾರಾಗುತ್ತಿದ್ದಿತು. ಇದರ ಉದ್ದ ಕೇವಲ 3.05 ಮೀಟರು. ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರುಪೆಟ್ಟಿಗೆಯನ್ನು ಅದರ ಅಡಿಯಲ್ಲೇ ಅಡಗಿಸಿ, ಉಳಿದ ಸ್ಥಳವನ್ನೆಲ್ಲ ನಾಲ್ವರು ಪ್ರಯಾಣಿಕರಿಗೂ ಅವರ ಸಾಮಾನಿಗೂ ಬಿಟ್ಟುಕೊಡಲಾಗಿತ್ತು. ಮೊದಲ ಮಿನಿಯ ಎಂಜಿನ್ನು 848 ಘನ ಸೆಂಟಿಮೀಟರಿನದು. ನಿಮಿಷಕ್ಕೆ 5500 ಸುತ್ತುಗಳ ವೇಗದಲ್ಲಿ ಅದು 34 ಅಶ್ವಶಕ್ತಿಯನ್ನು ಕೊಡುತ್ತಿದ್ದಿತು. ಸಂಸಾರವಂದಿಗರಿಗಾಗಿ ಮಾಡಿದ ಈ ಅಗ್ಗದ ಕಾರನ್ನು ಹವ್ಯಾಸಿಗಳು ಪಂದ್ಯದ ಹಾದಿಗೆ ಎಳೆದೊಯ್ದರು. 1964ರಲ್ಲಿ ಇದರದೇ ಬಲಿಷ್ಠ ರೂಪವೊಂದು ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದಿತು. ಮಿನಿಗಾಗಿಯೇ ಮೀಸಲಾದ ಹವ್ಯಾಸಿ ಪಂದ್ಯಗಳು ಬ್ರಿಟನ್ನಿನಲ್ಲಿ ಇಂದಿಗೂ ನಡೆಯುತ್ತಿವೆ.

ಮೊದಲು ಎಂಜಿನ್ನಿನ ಪಕ್ಷವನ್ನು ನ್ಯಾಯವಾಗಿ ಕೇಳೋಣ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಲು ಮೂರು ಮುಖ್ಯ ಮಾರ್ಗಗಳಿವೆ: ಅದು ಹೆಚ್ಚು ಉಸಿರಾಡುವಂತೆ ಮಾಡುವುದು, ಒಳಗೆ ಬಂದ ಮಿಶ್ರಣವನ್ನು ಹೆಚ್ಚು ಒತ್ತುವುದು, ಇವೆಲ್ಲವನ್ನೂ ನಿಮಿಷಕ್ಕೆ ಹೆಚ್ಚು ಬಾರಿ ನಡೆಸುವುದು. ಮೂರೂ ಸಾಧ್ಯವಾದುವೇ, ಆದರೆ ಮೂರಕ್ಕೂ ಬೆಲೆಯುಂಟು.

ಉಸಿರಾಟದ ಮಾತನ್ನು ಮೊದಲು ನೋಡೋಣ. ಮಿನಿಯ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಮಿಶ್ರಣವನ್ನು ಒಯ್ಯುವ ದ್ವಾರಗಳು ಎರಡೇ. ಒಂದನೆಯದಕ್ಕೂ ಎರಡನೆಯದಕ್ಕೂ ಒಂದು ದ್ವಾರ, ಮೂರನೆಯದಕ್ಕೂ ನಾಲ್ಕನೆಯದಕ್ಕೂ ಇನ್ನೊಂದು. ಸಿಲಿಂಡರುಗಳು ಕೆಲಸ ಮಾಡುವ ಕ್ರಮವಾದರೋ 1, 3, 4, 2. ಎಂದರೆ ಎರಡನೆಯದು ಉಸಿರೆಳೆದ ಕೂಡಲೇ ಅದೇ ದ್ವಾರದಿಂದ ಒಂದನೆಯದು ಎಳೆಯಲು ತೊಡಗುತ್ತದೆ. ಮೊದಲಿನದರ ಕವಾಟವು ಪೂರ್ತಿ ಮುಚ್ಚುವುದರೊಳಗೆ ಎರಡನೆಯದರ ಕವಾಟ ತೆರೆದುಕೊಳ್ಳುವುದರಿಂದ, ಒಂದರ ಪಾಲನ್ನು ಇನ್ನೊಂದು ಕಸಿದುಕೊಳ್ಳುತ್ತದೆ. ಇದಕ್ಕಿಂತ ಹಳೆಯದಾದ ಆಸ್ಟಿನ್ ಸೆವೆನ್ ಕಾರಿನಲ್ಲಿಯೂ ಇದೇ ತೊಡಕು ಇದ್ದಿತು. 1951ರಲ್ಲಿ ಕಾಲಿನ್ ಚಾಪ್‌ಮನ್ ಎಂಬ ತರುಣ ಎಂಜಿನಿಯರು ತನ್ನ ಲೋಟಸ್ ಕಾರಿನಲ್ಲಿ ಆ ಜಂಟಿ ದ್ವಾರಗಳ ನಡುವೆ ತೆಳುವಾದ ಲೋಹದ ಗೋಡೆಯನ್ನು ನಿಲ್ಲಿಸಿ, ಪ್ರತಿಯೊಂದು ಸಿಲಿಂಡರಿಗೂ ಪ್ರತ್ಯೇಕ ಹಾದಿಯನ್ನು ಮಾಡಿಕೊಟ್ಟನು. ಆ ಕಾರು ಪಂದ್ಯಗಳನ್ನು ಗೆಲ್ಲುತ್ತ ಬಂದಿತು. ಬಳಿಕ ಆ ಉಪಾಯವನ್ನೇ ಪಂದ್ಯದ ನಿಯಮಗಳು ನಿಷೇಧಿಸಿದುವು. ಇಲ್ಲಿ ಗೆದ್ದುದು ಅರವಲ್ಲ, ವಿಚಾರ. ಗಾಳಿ ಹೇಗೆ ಹರಿಯುತ್ತದೆಂಬುದನ್ನು ತಿಳಿಯದೆ ದ್ವಾರಗಳನ್ನು ಅರದಿಂದ ಉಜ್ಜಿ ಅಗಲಿಸುವವನು ಅನೇಕ ವೇಳೆ ಗಾಳಿಯ ವೇಗವನ್ನು ಕುಗ್ಗಿಸಿ, ಕಡಿಮೆ ಸುತ್ತುಗಳಲ್ಲಿ ಎಂಜಿನ್ನಿಗಿದ್ದ ಎಳೆತವನ್ನೂ ಕಳೆದುಕೊಳ್ಳುತ್ತಾನೆ.

ಎರಡನೆಯದು ಸಂಪೀಡನ. ಮಿನಿಯ ಸಂಪೀಡನ ಅನುಪಾತ 8.3. ಇದನ್ನು 10ಕ್ಕೆ ಏರಿಸಬೇಕಾದರೆ ಪ್ರತಿ ಸಿಲಿಂಡರಿನ ದಹನಕೋಷ್ಠದಲ್ಲಿ ಸುಮಾರು 5.5 ಘನ ಸೆಂಟಿಮೀಟರಿನಷ್ಟು, ಎಂದರೆ ಒಂದು ಚಹಾ ಚಮಚೆಗಿಂತ ತುಸು ಹೆಚ್ಚು ಸ್ಥಳವನ್ನು ತಗ್ಗಿಸಿದರೆ ಸಾಕು. ಪಠ್ಯಪುಸ್ತಕದ ಆಟೋ ಚಕ್ರದ ಸೂತ್ರವನ್ನು ಬಳಸಿ ವಿದ್ಯಾರ್ಥಿಗಳೇ ಲೆಕ್ಕ ಮಾಡಿ ನೋಡಲಿ: ಆದರ್ಶ ದಕ್ಷತೆಯು ಶೇಕಡ 57ರಿಂದ 60ಕ್ಕೆ ಏರುತ್ತದೆ. ಲಾಭವು ಮೊದಲಿದ್ದುದರ ಇಪ್ಪತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಪ್ರತಿಯಾಗಿ ಮಿಶ್ರಣವು ಕಿಡಿಯ ಜ್ವಾಲೆ ತಲಪುವ ಮೊದಲೇ ತಾನಾಗಿ ಸ್ಫೋಟಿಸಿ ಪಿಸ್ಟನ್ನನ್ನು ಸುತ್ತಿಗೆಯಂತೆ ಬಡಿಯುವ ಅಪಾಯ ಹೆಚ್ಚುತ್ತದೆ.

ಮೂರನೆಯದು ಸುತ್ತುಗಳ ವೇಗ. ಪಿಸ್ಟನ್ನು ಪ್ರತಿಯೊಂದು ಹೊಡೆತದ ಕೊನೆಯಲ್ಲಿಯೂ ನಿಂತು ಹಿಂದಿರುಗಬೇಕು. ಹಾಗೆ ಹಿಂದಿರುಗಿಸಲು ಬೇಕಾದ ಬಲವು ಸುತ್ತುವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 5500 ಸುತ್ತುಗಳ ಎಂಜಿನ್ನನ್ನು 7000 ಸುತ್ತುಗಳಿಗೆ ಓಡಿಸಿದರೆ ವೇಗವು ಹೆಚ್ಚುವುದು ಶೇಕಡ 27ರಷ್ಟು. ಕನೆಕ್ಟಿಂಗ್ ರಾಡಿನ ಮೇಲಣ ಈ ಜಗ್ಗಾಟವಾದರೋ ಶೇಕಡ 62ರಷ್ಟು ಹೆಚ್ಚುತ್ತದೆ. ತಯಾರಕರು ಈ ಸತ್ಯವನ್ನು ಬಲ್ಲರು. 1961ರಲ್ಲಿ ಮಿನಿ ಕೂಪರ್ ಎಂಬ 55 ಅಶ್ವಶಕ್ತಿಯ ಕಾರನ್ನು ಹೊರತಂದಾಗ ಅವರು ಎಂಜಿನ್ನನ್ನು ಮಾತ್ರ ಬದಲಿಸಿ ಸುಮ್ಮನಾಗಲಿಲ್ಲ. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕುಗಳನ್ನೂ ಅಳವಡಿಸಿದರು. ಓಡುವ ಶಕ್ತಿಯೊಡನೆ ನಿಲ್ಲುವ ಶಕ್ತಿಯೂ ಬೆಳೆಯಬೇಕಲ್ಲವೆ?

ಇನ್ನು ಆಸನದ ಪಕ್ಷಕ್ಕೆ ಬರೋಣ. ಮೂರು ಮೀಟರಿನ ಕಾರಿನಲ್ಲಿ ನಾಲ್ವರನ್ನು ಕೂರಿಸಬೇಕಾದರೆ ಅವರನ್ನು ನೆಟ್ಟಗೆ ಕೂರಿಸಲೇಬೇಕು. ಆದುದರಿಂದ ಮಿನಿಯ ಸ್ಟಿಯರಿಂಗ್ ಚಕ್ರವು ಬಸ್ಸಿನ ಚಕ್ರದಂತೆ ಬಹುಮಟ್ಟಿಗೆ ಮೇಲ್ಮುಖವಾಗಿ ಮಲಗಿರುತ್ತಿತ್ತು. ಸಂತೆಗೆ ಹೋಗಿಬರುವವನಿಗೆ ಇದರಿಂದ ಬಾಧಕವಿಲ್ಲ. ಪಂದ್ಯದಲ್ಲಿ ಓಡಿಸುವವನಿಗೆ ಉಂಟು. ಹವ್ಯಾಸಿಗಳು ಸ್ಟಿಯರಿಂಗ್ ಕಂಬದ ಮೇಲ್ತುದಿಯನ್ನು ಹಿಡಿದಿರುವ ಪಟ್ಟಿಯ ಬದಲು ಉದ್ದವಾದ ಇನ್ನೊಂದು ಪಟ್ಟಿಯನ್ನು ಹಾಕಿ ಕಂಬವನ್ನು ಕೆಳಕ್ಕೆ ಇಳಿಸಿದರು. ಆಗ ಚಕ್ರವು ಎದೆಗೆ ಎದುರಾಗಿ ನಿಂತಿತು. ಮೆತ್ತನೆಯ ಆಸನವನ್ನು ತೆಗೆದು, ಸೊಂಟವನ್ನೂ ಪಕ್ಕೆಗಳನ್ನೂ ಒತ್ತಿ ಹಿಡಿಯುವ ಬುಟ್ಟಿಯಾಕಾರದ ಆಸನವನ್ನು ಕೂರಿಸಿದರು. ಖರ್ಚು ಅಲ್ಪ, ಫಲವಾದರೋ ಅಲ್ಪವಲ್ಲ.

ಏಕೆಂಬುದನ್ನು ಲೆಕ್ಕದಿಂದ ನೋಡೋಣ. ಕಾರು ತಿರುವಿನಲ್ಲಿ ಗುರುತ್ವ ವೇಗೋತ್ಕರ್ಷದ ಹತ್ತರಲ್ಲಿ ಎಂಟು ಪಾಲಿನಷ್ಟು ಪಕ್ಕದ ವೇಗೋತ್ಕರ್ಷದಿಂದ ತಿರುಗುತ್ತಿದೆ ಎಂದಿಟ್ಟುಕೊಳ್ಳಿ. 65 ಕಿಲೋಗ್ರಾಂ ತೂಕದ ಚಾಲಕನನ್ನು ಅದರೊಡನೆ ತಿರುಗಿಸಲು ಸುಮಾರು 510 ನ್ಯೂಟನ್ನುಗಳ ಬಲ ಬೇಕು. ಇದು 52 ಕಿಲೋಗ್ರಾಂ ಭಾರಕ್ಕೆ ಸಮ. ಈ ಬಲವನ್ನು ಯಾರಾದರೂ ಕೊಡಲೇಬೇಕು. ಆಸನವು ಕೊಡದಿದ್ದರೆ ಚಾಲಕನ ತೋಳುಗಳು ಕೊಡಬೇಕಾಗುತ್ತದೆ. ಆಗ ಆತನು ಸ್ಟಿಯರಿಂಗ್ ಚಕ್ರವನ್ನು ತಿರುಗಿಸುವುದಿಲ್ಲ, ಅದಕ್ಕೆ ಜೋತುಬೀಳುತ್ತಾನೆ. ಟೈರುಗಳ ಹಿಡಿತ ಸಡಿಲವಾಗುವ ಮುನ್ಸೂಚನೆಯು ಚಕ್ರದ ಮೂಲಕ ಅಂಗೈಗೆ ಬರುತ್ತದೆ; ಹಿಂಬದಿ ಜಾರುವ ಸೂಚನೆಯು ಬೆನ್ನಿಗೂ ಸೊಂಟಕ್ಕೂ ಬರುತ್ತದೆ. ಜೋತುಬಿದ್ದ ಕೈಗೆ, ಅತ್ತಿತ್ತ ಜಾರುವ ಸೊಂಟಕ್ಕೆ ಆ ಸೂಕ್ಷ್ಮ ಸಂದೇಶವು ತಿಳಿಯುವುದಾದರೂ ಹೇಗೆ?

ಈಗ ಎರಡು ಲಾಭಗಳನ್ನು ತಕ್ಕಡಿಯಲ್ಲಿಟ್ಟು ತೂಗೋಣ. ಎಂಜಿನ್ನಿನ ಶಕ್ತಿಯನ್ನು ಶೇಕಡ 10ರಷ್ಟು ಹೆಚ್ಚಿಸಿದೆವೆನ್ನಿ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಪಾತದಲ್ಲಿರುವುದರಿಂದ ಕಾರಿನ ಗರಿಷ್ಠ ವೇಗವು ಹೆಚ್ಚುವುದು ಸುಮಾರು ಶೇಕಡ 3ರಷ್ಟು ಮಾತ್ರ. ಮಿನಿಯಲ್ಲಿ ಇದು ಗಂಟೆಗೆ 4 ಕಿಲೋಮೀಟರಿಗೂ ಕಡಿಮೆ. ಇನ್ನೊಂದು ಕಡೆ, 50 ಮೀಟರು ತ್ರಿಜ್ಯದ ತಿರುವಿನಲ್ಲಿ, ಟೈರುಗಳ ಹಿಡಿತದ ಮಿತಿಯನ್ನು ಅರಿಯಲಾರದೆ ಗುರುತ್ವದ ಹತ್ತರಲ್ಲಿ ಏಳು ಪಾಲಿಗೆ ನಿಲ್ಲಿಸಿಕೊಳ್ಳುವ ಚಾಲಕನು ಗಂಟೆಗೆ ಸುಮಾರು 67 ಕಿಲೋಮೀಟರು ವೇಗದಲ್ಲಿ ಹೋಗುತ್ತಾನೆ. ಭದ್ರವಾಗಿ ಕುಳಿತು, ಕಾರಿನ ಮಾತನ್ನು ಆಲಿಸಿ, ಎಂಟು ಪಾಲನ್ನು ಬಳಸಬಲ್ಲವನು 71 ಕಿಲೋಮೀಟರು ವೇಗದಲ್ಲಿ ಹೋಗುತ್ತಾನೆ. ಲಾಭ ಎರಡರಲ್ಲಿಯೂ ಹೆಚ್ಚುಕಡಿಮೆ ಒಂದೇ! ಎಂಜಿನ್ನಿನ ಹೆಚ್ಚಿನ ಶಕ್ತಿಯಿಂದ ಕಾರು ಬೇಗ ವೇಗವನ್ನು ಪಡೆಯುವುದೆಂಬುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತಿರುವಿನಿಂದ ಹೆಚ್ಚು ವೇಗದಲ್ಲಿ ಹೊರಬಂದವನು ಮುಂದಿನ ನೇರ ದಾರಿಯಲ್ಲೆಲ್ಲ ಆ ಲಾಭವನ್ನು ಹೊತ್ತುಕೊಂಡೇ ಹೋಗುತ್ತಾನೆ.

ಬ್ರೇಕಿನ ವಿಷಯವೂ ಹೀಗೆಯೇ. ಮೊದಲ ಮಿನಿಗಳಲ್ಲಿ ಬ್ರೇಕಿಗೆ ಸಹಾಯಕ ಯಂತ್ರವಿರಲಿಲ್ಲ; ಚಾಲಕನ ಕಾಲಿನ ಬಲವೇ ಬಲ. ಕಾಲು ಪೂರ್ತಿ ಚಾಚಿದ್ದರೆ ಒತ್ತಲಾಗದು. ಬಹಳ ಮಡಿಚಿದ್ದರೂ ಒತ್ತಲಾಗದು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಕಾರು ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲಿನ ಕಾಲದಲ್ಲಿ 2.8 ಮೀಟರು ಮುಂದೆ ಹೋಗುತ್ತದೆ. ಪಾದವು ಬ್ರೇಕನ್ನು ಹುಡುಕುವುದಕ್ಕೆ ಅಷ್ಟು ಹೊತ್ತು ತಡವಾದರೆ ಎಷ್ಟು ಅನರ್ಥವಾದೀತೆಂಬುದನ್ನು ಊಹಿಸಬಹುದು.

ಆಸನದ ಪರವಾಗಿ ವಾದಿಸುವವರು ಕೆಲವೊಮ್ಮೆ ಅತಿಯಾಗಿ ಹೇಳುವುದುಂಟು. ಆಸನವನ್ನು ತಗ್ಗಿಸಿದರೆ ಕಾರಿನ ಗುರುತ್ವ ಕೇಂದ್ರವೇ ತಗ್ಗಿಹೋಗುತ್ತದೆ ಎನ್ನುವರು. ಸುಮಾರು 600 ಕಿಲೋಗ್ರಾಂ ಕಾರಿನಲ್ಲಿ 65 ಕಿಲೋಗ್ರಾಂ ಚಾಲಕನನ್ನು 5 ಸೆಂಟಿಮೀಟರು ಕೆಳಗಿಳಿಸಿದರೆ ಒಟ್ಟು ಗುರುತ್ವ ಕೇಂದ್ರವು ಇಳಿಯುವುದು ಅರ್ಧ ಸೆಂಟಿಮೀಟರು. ಇದು ಇಲ್ಲವೆನ್ನುವಷ್ಟಲ್ಲ, ಹಿಗ್ಗುವಷ್ಟೂ ಅಲ್ಲ. ಆಸನದ ನಿಜವಾದ ಪ್ರಯೋಜನವಿರುವುದು ಚಾಲಕನ ಹತೋಟಿಯಲ್ಲಿ.

ಆಸನದ ಕೆಲಸವೂ ಹೊಣೆಗಾರಿಕೆಯದೇ ಎಂಬುದನ್ನು ಮರೆಯಲಾಗದು. ಕಾರಿನ ನೆಲದ ತಗಡು ತೆಳುವಾದದ್ದು. ಗಂಟೆಗೆ 50 ಕಿಲೋಮೀಟರು ವೇಗದ ಕಾರು ಡಿಕ್ಕಿಯಲ್ಲಿ 60 ಸೆಂಟಿಮೀಟರಿನೊಳಗೆ ನಿಂತರೆ, 65 ಕಿಲೋಗ್ರಾಂ ಚಾಲಕನನ್ನು ಹಿಡಿದು ನಿಲ್ಲಿಸಲು ಸರಾಸರಿ ಹತ್ತು ಸಾವಿರ ನ್ಯೂಟನ್ನುಗಳಿಗೂ ಮಿಗಿಲಾದ ಬಲ ಬೇಕು. ಒಂದು ಟನ್ನಿನ ಭಾರಕ್ಕಿಂತ ಇದು ಹೆಚ್ಚು. ಆದುದರಿಂದ ಆಸನದ ಮತ್ತು ಪಟ್ಟಿಗಳ ಬೋಲ್ಟುಗಳ ಕೆಳಗೆ ಅಗಲವಾದ ಉಕ್ಕಿನ ಫಲಕಗಳನ್ನಿಟ್ಟು ಬಿಗಿಯಬೇಕು. ಸ್ಟಿಯರಿಂಗ್ ಕಂಬದ ಕೋನವನ್ನು ಬದಲಿಸಿದಾಗ ಕೆಳತುದಿಯ ಜೋಡಣೆಯು ಸೆಳೆತಕ್ಕೆ ಒಳಗಾಗದಂತೆ ಅನುಭವಿಗಳಿಂದ ಸರಿಹೊಂದಿಸಿಕೊಳ್ಳಬೇಕು.

ಹಾಗಿದ್ದರೂ ತರುಣರಿಗೆ ಎಂಜಿನ್ನಿನ ಮೇಲೇ ಏಕೆ ಮೋಹ? ಎಂಜಿನ್ನಿನ ಸದ್ದು ಊರಿಗೆಲ್ಲ ಕೇಳುತ್ತದೆ. ಆಸನದ ಗುಣ ಕುಳಿತವನಿಗೆ ಮಾತ್ರ ಗೊತ್ತು. ನಮ್ಮ ಊರುಗಳ ಬೀದಿಗಳಲ್ಲಿ ಸೈಲೆನ್ಸರನ್ನು ಕಿತ್ತುಹಾಕಿ ಸದ್ದನ್ನೇ ಶಕ್ತಿಯೆಂದು ಭ್ರಮಿಸುವವರನ್ನು ದಿನವೂ ನೋಡುತ್ತೇವೆ. ಇದು ವಿಜ್ಞಾನವೂ ಅಲ್ಲ, ಕ್ರೀಡೆಯೂ ಅಲ್ಲ. ನೋಂದಣಿಯಾದ ವಾಹನವನ್ನು ತಯಾರಕರು ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. ಕಾಯಿದೆಯ ಮಾತು ಹಾಗಿರಲಿ. ಬೀದಿಯಲ್ಲಿ ನಡೆದುಹೋಗುವ ಮುದುಕಿಯೂ ಶಾಲೆಯ ಮಗುವೂ ನಮ್ಮ ಪಂದ್ಯಕ್ಕೆ ಒಪ್ಪಿಗೆ ಕೊಟ್ಟವರಲ್ಲ. ಪಂದ್ಯಕ್ಕೆ ಮೀಸಲಾದ ಕಾರು, ಪಂದ್ಯಕ್ಕೆ ಮೀಸಲಾದ ಹಾದಿ, ಇವೆರಡೂ ಇಲ್ಲದೆ ಈ ಹವ್ಯಾಸವಿಲ್ಲ.

ಇಂತಹ ಆಸೆಯುಳ್ಳ ವಿದ್ಯಾರ್ಥಿಗಳಿಗೆ ಒಳ್ಳೆಯ ದಾರಿಯೊಂದು ಈಗ ತೆರೆದಿದೆ. ಅಮೆರಿಕದಲ್ಲಿ 1981ರಲ್ಲಿ ಪ್ರಾರಂಭವಾದ ಫಾರ್ಮುಲಾ ಎಸ್‌ಎಇ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಚಿಕ್ಕ ಪಂದ್ಯದ ಕಾರನ್ನು ರಚಿಸಿ ಓಡಿಸುತ್ತಾರೆ. ನಮ್ಮ ದೇಶದಲ್ಲಿಯೂ ಅದೇ ಮಾದರಿಯ ಸ್ಪರ್ಧೆಗಳು ನಡೆಯುತ್ತಿವೆ. ಅದರ ನಿಯಮಗಳು ವಿಚಾರಯೋಗ್ಯವಾಗಿವೆ. ಪೆಟ್ರೋಲ್ ಎಂಜಿನ್ನಿಗೆ ಹೋಗುವ ಗಾಳಿಯೆಲ್ಲವೂ 20 ಮಿಲಿಮೀಟರು ವ್ಯಾಸದ ಒಂದೇ ರಂಧ್ರದ ಮೂಲಕ ಹೋಗತಕ್ಕದ್ದು. ಅಲ್ಲಿ ಗಾಳಿಯು ಶಬ್ದದ ವೇಗವನ್ನು ಮುಟ್ಟಿದ ಮೇಲೆ, ಎಂಜಿನ್ನು ಎಷ್ಟೇ ಎಳೆದರೂ ಸೆಕೆಂಡಿಗೆ ಸುಮಾರು 74 ಗ್ರಾಂಗಿಂತ ಹೆಚ್ಚು ಗಾಳಿ ಬಾರದು. ಚಾಲಕನ ವಿಷಯದಲ್ಲಾದರೋ ನಿಯಮವು ಉದಾರವಾಗಿದೆ: ದೊಡ್ಡ ದೇಹದವನಿಗೂ ಸ್ಥಳವಿರಬೇಕು, ಪಟ್ಟಿಗಳನ್ನೆಲ್ಲ ಕಟ್ಟಿಕೊಂಡು ಕುಳಿತವನು 5 ಸೆಕೆಂಡುಗಳಲ್ಲಿ ಹೊರಗೆ ಬರುವಂತಿರಬೇಕು. ಎಂಜಿನ್ನಿನ ಉಸಿರಿಗೆ ಮಿತಿ ಹಾಕಿ ಮನುಷ್ಯನ ಸ್ಥಳಕ್ಕೆ ಮಿತಿ ಹಾಕದಿರುವ ಈ ನಿಯಮದಲ್ಲಿ ನಮ್ಮ ವಾದದ ತಿರುಳು ಅಡಗಿದೆ.

ಆದುದರಿಂದ ತರುಣ ವಾಚಕರಿಗೆ ನಮ್ಮ ಸೂಚನೆ ಇಷ್ಟೆ. ನಿಂತಿರುವ ಕಾರಿನಲ್ಲಿ ಕುಳಿತು, ಭುಜಗಳನ್ನು ಆಸನದ ಬೆನ್ನಿನಿಂದ ಕದಲಿಸದೆ ಕೈಚಾಚಿ ನೋಡಿರಿ: ಮಣಿಕಟ್ಟು ಸ್ಟಿಯರಿಂಗ್ ಚಕ್ರದ ತುದಿಯ ಮೇಲೆ ಒರಗುತ್ತದೆಯೆ? ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಿಚಿರುತ್ತದೆಯೆ? ಇವೆರಡಕ್ಕೂ ಹೌದೆಂಬ ಉತ್ತರ ಬಂದ ಬಳಿಕ, ಮುಚ್ಚಿದ ಹಾದಿಯಲ್ಲಿ, ತಿಳಿದವರ ಮೇಲ್ವಿಚಾರಣೆಯಲ್ಲಿ ಓಡಿಸಿ, ಗಡಿಯಾರ ಹಿಡಿದು ಕಾಲವನ್ನು ಅಳೆಯಿರಿ. ಅಳತೆಯು ಎಂಜಿನ್ನಿನಲ್ಲೇ ಕೊರತೆಯಿದೆಯೆಂದು ತೋರಿಸಿದ ದಿನ ಸ್ಪ್ಯಾನರನ್ನು ಕೈಗೆತ್ತಿಕೊಳ್ಳಬಹುದು.