ಬಂದೂಕಿನಿಂದ ಓಣಿಗೆ ರಕ್ಷಣೆಯೆ?

ಕಳವಿನ ಭಯದಿಂದ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಬೇಕೆನ್ನುವ ವ್ಯಾಪಾರಿ ಮಿತ್ರರಿಗೆ ನಾವು ಎರಡು ಮಾತು ಹೇಳಬಯಸುತ್ತೇವೆ.

ಆಯುಧದ ಹಕ್ಕು ಕ್ಷುಲ್ಲಕ ಬೇಡಿಕೆಯಾಗಿರಲಿಲ್ಲ. 1878ರ ಶಸ್ತ್ರ ಕಾಯಿದೆಯಿಂದ ಆಂಗ್ಲ ಸರ್ಕಾರ ಭಾರತೀಯರ ಕೈ ಬರಿದು ಮಾಡಿತು. ಬಿಳಿಯರಿಗೆ ವಿನಾಯಿತಿ ಕೊಟ್ಟಿತು. 1931ರಲ್ಲಿ ಕರಾಚಿ ಕಾಂಗ್ರೆಸ್ಸು ಈ ಹಕ್ಕನ್ನು ಕೇಳಿತು. ಮಂಗಳೂರಿನಲ್ಲಿ ಹುಟ್ಟಿ, ಮುಂದೆ ಪ್ರಜಾ ಸಮಾಜವಾದಿ ನಾಯಕರಾದ ಎಚ್. ವಿ. ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನೇ ಮಂಡಿಸಿದರು. ಆಗ ಕಳ್ಳಕಾಕರಿಗೂ ಅದೇ ಹಕ್ಕು ಸಿಗುವುದೆಂದು ಅಂಬೇಡ್ಕರರು ಒಪ್ಪಲಿಲ್ಲ. ಕಾಮತರ ಮೇಲೆ ನಮಗೆ ಗೌರವವಿದೆ. ಆದರೂ ಅಂಬೇಡ್ಕರರ ಮಾತೇ ಸರಿ.

2019ರ ತಿದ್ದುಪಡಿಯ ಬಳಿಕವೂ ಲೈಸೆನ್ಸುದಾರ ಎರಡು ಬಂದೂಕು ಇಡಬಹುದು. ಗುರಿ ಹೊಡೆಯುವುದು ಹವ್ಯಾಸವಾದರೆ ಅದಕ್ಕೆ ರೈಫಲ್ ಕ್ಲಬ್ಬುಗಳಿವೆ. ಆದರೆ ಎರಡನೇ ಪಾಳಿ ಮುಗಿಸಿ ನಡುರಾತ್ರಿ ಬರುವ ಮಿಲ್ ಕಾರ್ಮಿಕನನ್ನೇ ಕಳ್ಳನೆಂದು ಬಗೆದು ಹಾರಿಸಿದ ಗುಂಡನ್ನು ಹಿಂದಕ್ಕೆ ಕರೆಯಲಾದೀತೆ? ಕಾನೂನು ಆತ್ಮರಕ್ಷಣೆಯ ಹಕ್ಕು ಕೊಟ್ಟಿದೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಲು ಬಿಟ್ಟಿಲ್ಲ.

ಓಣಿಗೆ ದೀಪ ಬೇಕೆಂದು ಪುರಸಭೆಯನ್ನೂ, ರಾತ್ರಿ ಬೀಟು ಬೇಕೆಂದು ಠಾಣೆಯನ್ನೂ ಅಂಗಡಿಯವರು, ಕಾರ್ಮಿಕರು ಒಟ್ಟಾಗಿ ಕೇಳೋಣ. ಅಲ್ಲಿಯವರೆಗೆ ಮನೆಗೊಬ್ಬರಂತೆ ಸರದಿಯ ಗಸ್ತು ತಿರುಗೋಣ.