ಖಾಲಿ ಕುರ್ಚಿಯ ಮೇಲೊಂದು ಕರವಸ್ತ್ರ

ಉಡುಪಿ ಜಿಲ್ಲೆಯ ಯಾವ ಸಭಾಭವನಕ್ಕೆ ಬೇಕಾದರೂ ಮದುವೆಯ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ ನೋಡಬಹುದು. ಧಾರೆ ಮುಗಿದಿರುತ್ತದೆ, ಊಟದ ಹಾಲಿನ ಬಾಗಿಲು ಆಗಷ್ಟೇ ತೆರೆದಿರುತ್ತದೆ. ಮೇಜಿನ ಮೇಲೆ ಬಾಳೆಎಲೆ ಹಾಕಿ, ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿ ಆಗಿದೆ. ಸಾಲಿನಲ್ಲಿ ಎಂಟು ಕುರ್ಚಿ, ಕೂತವರು ಇಬ್ಬರೇ. ಉಳಿದ ಆರರಲ್ಲಿ ಒಂದರ ಮೇಲೆ ವ್ಯಾನಿಟಿ ಬ್ಯಾಗು, ಒಂದರ ಮೇಲೆ ಕರವಸ್ತ್ರ, ಒಂದರ ಮೇಲೆ ಮಗುವಿನ ನೀರಿನ ಬಾಟಲಿ, ಇನ್ನೊಂದರ ಮೇಲೆ ಕಾರಿನ ಕೀ. ಏನೂ ಇಡಲು ಸಿಗದೆ ಹೋದ ಎರಡು ಕುರ್ಚಿಗಳನ್ನು ಮೇಜಿಗೆ ಒರಗಿಸಿ ಮುಂದಕ್ಕೆ ಬಾಗಿಸಿಟ್ಟಿದ್ದಾರೆ. ಹತ್ತಿರ ಬಂದವರು ಬಾಯಿ ತೆರೆಯುವ ಮೊದಲೇ ಉತ್ತರ ಸಿಗುತ್ತದೆ: ‘ಇಲ್ಲಿ ಜನ ಉಂಟು.’

ಆ ಜನ ಇರುವುದು ವೇದಿಕೆಯ ಬಳಿ, ವಧೂವರರ ಜೊತೆ ಫೋಟೊ ತೆಗೆಸಿಕೊಳ್ಳುವ ಸಾಲಿನಲ್ಲಿ. ಅವರು ಬಂದು ಕೂರುವಷ್ಟರಲ್ಲಿ ಅಕ್ಕಪಕ್ಕದವರಿಗೆ ಸಾರು ಮುಗಿದು ಸಾಂಬಾರು ಬಂದಿರುತ್ತದೆ. ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿರುವವರು ಒಂಟಿಯಾಗಿ ಬಂದವರು. ಹಿರಿಯಡಕದಿಂದಲೋ ಬೈಲೂರಿನಿಂದಲೋ ಬಸ್ಸು ಹತ್ತಿ ಬಂದ ಹಿರಿಯ ಹೆಂಗಸು, ಅರ್ಧ ದಿನ ರಜೆ ಹಾಕಿ ಬಂದ ಅಂಗಡಿ ಕೆಲಸದ ಹುಡುಗ, ಸಕ್ಕರೆ ಕಾಯಿಲೆಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲೇಬೇಕಾದ ನಿವೃತ್ತ ಮೇಷ್ಟ್ರು. ಅವರಿಗಾಗಿ ಕುರ್ಚಿ ಹಿಡಿದಿಡುವವರು ಯಾರೂ ಇಲ್ಲ. ಇದನ್ನು ಸಣ್ಣ ವಿಷಯ ಎಂದು ತಳ್ಳಿಹಾಕುವುದು ಸುಲಭ. ಆದರೆ ಊಟಕ್ಕೆ ಕರೆದ ಮನೆಯಲ್ಲಿ ಎಲೆಯ ಮುಂದೆ ಖಾಲಿ ಕುರ್ಚಿ ಇದ್ದೂ ಅತಿಥಿ ನಿಂತಿರಬೇಕಾಗಿ ಬರುವುದು ಸಣ್ಣ ಅವಮಾನವಲ್ಲ.

ಇದೇ ತಕರಾರು ಸಮುದ್ರದ ನಡುವೆಯೂ ಇದೆ. ದೊಡ್ಡ ಪ್ರವಾಸಿ ಹಡಗುಗಳ ಡೆಕ್ಕಿನಲ್ಲಿ, ಈಜುಕೊಳದ ಸುತ್ತ, ಬಿಸಿಲು ಕಾಯಲು ಒರಗು ಕುರ್ಚಿಗಳನ್ನು ಸಾಲಾಗಿ ಹಾಕಿರುತ್ತಾರೆ. ಬೆಳಕು ಹರಿಯುವ ಮುಂಚೆ ಎದ್ದು ಬಂದು ನಾಲ್ಕೈದು ಕುರ್ಚಿಗೆ ಟವೆಲ್ ಹಾಸಿ, ಒಂದರ ಮೇಲೆ ಪುಸ್ತಕ, ಇನ್ನೊಂದರ ಕೆಳಗೆ ಚಪ್ಪಲಿ ಇಟ್ಟು, ಮತ್ತೆ ಕ್ಯಾಬಿನ್ನಿಗೆ ಹೋಗಿ ಮಲಗುವವರಿದ್ದಾರೆ. ಹತ್ತು ಗಂಟೆಗೆ ಡೆಕ್ಕಿಗೆ ಬಂದವರಿಗೆ ಕಾಣುವುದು ಟವೆಲ್ ಹೊದ್ದ ಕುರ್ಚಿಗಳ ಸಾಲು, ಮನುಷ್ಯರು ಅಲ್ಲೊಬ್ಬ ಇಲ್ಲೊಬ್ಬ. ನೂರು ವರ್ಷದ ಹಿಂದೆ ಅಟ್ಲಾಂಟಿಕ್ ದಾಟುತ್ತಿದ್ದ ಹಡಗುಗಳಲ್ಲಿ ಈ ಗೊಂದಲವೇ ಇರಲಿಲ್ಲ. ಅಲ್ಲಿ ಡೆಕ್ಕಿನ ಕುರ್ಚಿಗೆ ಬಾಡಿಗೆ ಕೊಡಬೇಕಿತ್ತು, ಕೊಟ್ಟವರ ಹೆಸರಿನ ಚೀಟಿ ಕುರ್ಚಿಗೆ ಬೀಳುತ್ತಿತ್ತು. ಕುರ್ಚಿ ಎಲ್ಲರಿಗೂ ಪುಕ್ಕಟೆಯಾದ ಮೇಲೆ ಚೀಟಿಯ ಜಾಗಕ್ಕೆ ಟವೆಲ್ ಬಂತು.

ಹಡಗು ಕಂಪನಿಗಳು ಇದಕ್ಕೆ ಕಂಡುಕೊಂಡ ದಾರಿ ಸರಳ. ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ ಯಾರೂ ಇಲ್ಲದ ಕುರ್ಚಿಯ ಮೇಲೆ ಸಾಮಾನು ಕಂಡರೆ ಸಿಬ್ಬಂದಿ ಹೊತ್ತು ಬರೆದ ಚೀಟಿ ಅಂಟಿಸಿ ಹೋಗುತ್ತಾರೆ. 40 ನಿಮಿಷದೊಳಗೆ ಯಾರೂ ಬಾರದಿದ್ದರೆ ಸಾಮಾನು ಎತ್ತಿ ಟವೆಲ್ ಕೌಂಟರಿನಲ್ಲಿ ಜೋಪಾನವಾಗಿಡುತ್ತಾರೆ, ಕುರ್ಚಿ ಮುಂದಿನವರಿಗೆ. ರಾಯಲ್ ಕೆರೀಬಿಯನ್ ಹಡಗುಗಳಲ್ಲಿ ಈ ಗಡುವು 30 ನಿಮಿಷ. ಬೈಗುಳವಿಲ್ಲ, ದಂಡವಿಲ್ಲ, ಯಾರನ್ನೂ ನಾಲ್ಕು ಜನರ ಎದುರು ನಾಚಿಸುವುದಿಲ್ಲ. ಶೌಚಕ್ಕೆ ಹೋದವರಿಗೆ, ಕಾಫಿ ತರಲು ಹೋದವರಿಗೆ, ಒಂದು ಸುತ್ತು ಈಜಿ ಬರುವವರಿಗೆ ಅರ್ಧ ಗಂಟೆ ಧಾರಾಳ ಸಾಕು. ತಿಂಡಿ ತಿಂದು, ನಿದ್ದೆ ತೆಗೆದು ಬರುವವರಿಗೆ ಸಾಲದು, ಸಾಲಲೂಬಾರದು.

ಈ ಕೆಲಸದ ಕಷ್ಟ ಏನೆಂದು ನಮ್ಮ ಊರಿನ ಹುಡುಗರಿಗೆ ಗೊತ್ತು. ಉಡುಪಿ, ಕಾರ್ಕಳ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ‘ಮಗ ಶಿಪ್ಪಿನಲ್ಲಿದ್ದಾನೆ’ ಎಂಬುದು ಮಾಮೂಲಿ ಮಾತು. ಹೋಟೆಲ್ ಕೆಲಸ ಕಲಿಸುವ ಕಾಲೇಜು ಮಣಿಪಾಲದಲ್ಲಿ 1980ರ ದಶಕದಿಂದ ಇದೆ. ಇನ್ನೊಬ್ಬರ ಟವೆಲ್ ಎತ್ತುವ ಹುಡುಗನಿಗೆ ಕಂಪನಿಯ ನಿಯಮವೇ ಬಲ. ನಿಯಮ ಇಲ್ಲದಿದ್ದರೆ ಪ್ರಯಾಣಿಕನ ಸಿಟ್ಟಿಗೆ ಅವನೊಬ್ಬನೇ ತಲೆಕೊಡಬೇಕು.  

ಜರ್ಮನಿಯ ಹ್ಯಾನೋವರ್ ನಗರದ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪೊಂದನ್ನು ಇಲ್ಲಿ ಹೇಳಲೇಬೇಕು. ಗ್ರೀಸಿನ ರೋಡ್ಸ್ ದ್ವೀಪದ ಹೋಟೆಲೊಂದಕ್ಕೆ ಕುಟುಂಬದೊಂದಿಗೆ ಪ್ಯಾಕೇಜ್ ಪ್ರವಾಸ ಹೋಗಿದ್ದ ಪ್ರವಾಸಿಯೊಬ್ಬರು ಪ್ರವಾಸ ಕಂಪನಿಯ ಮೇಲೆ ದಾವೆ ಹೂಡಿದ್ದರು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಳಸದೆ ಒರಗು ಕುರ್ಚಿ ಹಿಡಿದಿಡಬಾರದು ಎಂಬ ನಿಯಮ ಆ ಹೋಟೆಲಿನಲ್ಲೇ ಇತ್ತು. ಆದರೂ ಬೆಳಗಾಗುತ್ತಲೇ ಕುರ್ಚಿಗಳೆಲ್ಲ ಟವೆಲ್ ಪಾಲಾಗುತ್ತಿದ್ದವು, ದೂರು ಕೊಟ್ಟರೂ ಯಾರೂ ಕದಲಲಿಲ್ಲ. ಕೋರ್ಟು ಪ್ರವಾಸಿಯ ಪರವಾಗಿ ನಿಂತಿತು. ಕಟ್ಟಿದ ಹಣದಲ್ಲಿ ಸುಮಾರು 323 ಯೂರೊ ವಾಪಸು ಕೊಡಲು ಹೇಳಿತು. ಮೊತ್ತ ದೊಡ್ಡದಲ್ಲ, ದೊಡ್ಡದು ಅದರ ಹಿಂದಿನ ತರ್ಕ. ಟವೆಲ್ ಹಾಕಿದವರನ್ನು ಕೋರ್ಟಿಗೆ ಕರೆಯಲಿಲ್ಲ. ನಿಯಮ ಇದ್ದೂ ಅದನ್ನು ನಡೆಸದೆ ಕೈಕಟ್ಟಿ ಕೂತದ್ದಕ್ಕೆ ಪ್ರವಾಸ ಕಂಪನಿ ಬೆಲೆ ತೆರಬೇಕಾಯಿತು.

ನಮ್ಮಲ್ಲೂ ಪ್ರಶ್ನೆ ನಿಲ್ಲಬೇಕಾದದ್ದು ಇಲ್ಲಿಯೇ. ಕುರ್ಚಿ ಹಿಡಿಯುವವರಿಗೆ ಬುದ್ಧಿ ಹೇಳುವ ಮಾತು ಬಹಳ ಆಗಿದೆ. ಕುರ್ಚಿ ಹಾಕಿದವರು ಏನು ಮಾಡುತ್ತಿದ್ದಾರೆ ಎಂದು ಕೇಳಿದವರು ಕಡಿಮೆ.

ಕರವಸ್ತ್ರಕ್ಕೆ ತನ್ನದೇ ಆದ ಬಲವೇನೂ ಇಲ್ಲ. ಅದಕ್ಕೆ ಬಲ ಬರುವುದು ನಮ್ಮ ದಾಕ್ಷಿಣ್ಯದಿಂದ. ಇನ್ನೊಬ್ಬರ ಬಟ್ಟೆ ಮುಟ್ಟಬಾರದು, ತಂಬಿಗೆ ಸರಿಸಬಾರದು, ಊಟದ ಹೊತ್ತಿಗೆ ಮಾತು ಬೆಳೆಸಬಾರದು ಎಂದು ಕಲಿತು ಬೆಳೆದವರು ನಾವು. ಆ ಒಳ್ಳೆಯತನವನ್ನೇ ನೆಚ್ಚಿಕೊಂಡು ಒಬ್ಬರು ಆರು ಕುರ್ಚಿ ಹಿಡಿಯುತ್ತಾರೆ. ಹಿಡಿಯುವವರೂ ಕೆಟ್ಟವರಲ್ಲ. ತಾನು ಹಿಡಿಯದಿದ್ದರೆ ಮತ್ತೊಬ್ಬರು ಹಿಡಿಯುತ್ತಾರೆ, ತನ್ನ ಮಕ್ಕಳು ಎರಡನೇ ಪಂಕ್ತಿಗೆ ಕಾಯಬೇಕಾಗುತ್ತದೆ ಎಂಬ ಹೆದರಿಕೆ ಅವರದು. ಹೀಗೆ ಹೆದರಿದವರೆಲ್ಲ ಸೇರಿ, ಎಲ್ಲರಿಗೂ ಸಾಲುವಷ್ಟಿದ್ದ ಕುರ್ಚಿಯನ್ನು ಸಾಲದ ಹಾಗೆ ಮಾಡಿಬಿಡುತ್ತಾರೆ.

ಉಡುಪಿಯಿಂದ ಕಾಪು, ಪಡುಬಿದ್ರಿ ದಾರಿಯಾಗಿ ಮಂಗಳೂರಿಗೆ ಹೋಗುವ ಬಸ್ಸಿರಲಿ, ಮಣಿಪಾಲ, ಹಿರಿಯಡಕ ದಾಟಿ ಕಾರ್ಕಳಕ್ಕೆ ಹೋಗುವ ಬಸ್ಸಿರಲಿ, ಸಂಜೆಯ ರಶ್ಶಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರವಸ್ತ್ರವೋ ಬ್ಯಾಗೋ ಸೀಟಿಗೆ ಬೀಳುತ್ತದೆ. ಉದ್ದ ಕೈ ಇದ್ದವನಿಗೆ, ಬಸ್ಸಿನ ಪಕ್ಕ ಓಡಬಲ್ಲವನಿಗೆ ಸೀಟು. ಕಂಕುಳಲ್ಲಿ ಮಗು ಇರುವವಳು, ಮೊಣಕಾಲು ನೋವಿನ ಅಜ್ಜ ಬಾಗಿಲಿನಿಂದ ಮೆಲ್ಲನೆ ಹತ್ತಿ ಬರುವಷ್ಟರಲ್ಲಿ ‘ಜನ ಉಂಟು’ ಆಗಿರುತ್ತದೆ. ಹೆಂಗಸರಿಗೆ, ಹಿರಿಯರಿಗೆ, ಅಂಗವಿಕಲರಿಗೆ ಎಂದು ಬಸ್ಸಿನಲ್ಲಿ ಬರೆದಿಟ್ಟ ಸೀಟುಗಳೂ ಒಂದು ಬಗೆಯ ಕಾದಿರಿಸುವಿಕೆಯೇ. ಅವು ಇರುವುದು ಓಡಲಾಗದವರಿಗಾಗಿ, ಕರವಸ್ತ್ರ ಗೆಲ್ಲಿಸುವುದು ಓಡಬಲ್ಲವರನ್ನು. ಕಂಡಕ್ಟರು ಒಂದು ಮಾತು ಹೇಳಿದರೆ ಆ ಬ್ಯಾಗು ಎದ್ದು ಮಡಿಲಿಗೆ ಬರುತ್ತದೆ. ಹೇಳುವ ಕಂಡಕ್ಟರುಗಳು ಇದ್ದಾರೆ, ಅವರ ಬಸ್ಸಿನಲ್ಲಿ ಜಗಳವೂ ಕಡಿಮೆ.

ರೈಲಿನಲ್ಲಿ ಕಾನೂನೇ ಇದೆ. ತನಗೆಂದು ಕಾದಿರಿಸದ ಬೋಗಿಯಲ್ಲಿ ಕೂತವನು ಹತ್ತಲು ಹಕ್ಕಿರುವ ಇನ್ನೊಬ್ಬ ಪ್ರಯಾಣಿಕನನ್ನು ತಡೆದರೆ 1989ರ ರೈಲ್ವೆ ಕಾಯ್ದೆಯ 155ನೇ ಸೆಕ್ಷನ್ ಅದನ್ನು ಅಪರಾಧ ಎನ್ನುತ್ತದೆ. ಸ್ಲೀಪರ್ ಬೋಗಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬರ್ತ್ ಮಲಗುವವರದು, ಬೆಳಗಾದ ಮೇಲೆ ಕೆಳಗಿನ ಬರ್ತ್ ಎಲ್ಲರೂ ಕೂರುವ ಸೀಟು. ಮತ್ಸ್ಯಗಂಧದಲ್ಲಿ ಮುಂಬೈಗೆ ಹೋಗಿ ಬಂದವರಿಗೆಲ್ಲ ಈ ಲೆಕ್ಕ ಗೊತ್ತು.

ಹಾಗೆಂದು ಜಾಗ ಹಿಡಿಯುವುದೆಲ್ಲ ತಪ್ಪು ಎಂದರೆ ಅದೂ ಸರಿಯಲ್ಲ. ರೇಷನ್ ಅಂಗಡಿಯ ಮುಂದೆ ಬೆಳಿಗ್ಗೆ ಸಾಲಾಗಿ ಇಟ್ಟ ಚೀಲಗಳಿಗೆ ಯಾರೂ ತಕರಾರು ತೆಗೆಯುವುದಿಲ್ಲ. ಒಂದು ಕಾರ್ಡಿಗೆ ಒಂದು ಚೀಲ, ಚೀಲದ ಯಜಮಾನ ಎದುರಿನ ಜಗಲಿಯಲ್ಲೇ ಕೂತಿರುತ್ತಾನೆ, ಅಂಗಡಿ ತೆರೆದಾಗ ಬರದಿದ್ದರೆ ಚೀಲ ಪಕ್ಕಕ್ಕೆ ಹೋಗುತ್ತದೆ. ವಯಸ್ಸಾದವರು ಬಿಸಿಲಲ್ಲಿ ನಿಲ್ಲದೆ ಇರಲು ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಬಯಲಾಟದ ಗದ್ದೆಗೆ ಮೊಮ್ಮಗನನ್ನು ಮುಂಚೆಯೇ ಕಳಿಸಿ ಅಜ್ಜನಿಗೊಂದು ಕುರ್ಚಿ ಹಿಡಿಸುವುದೂ ನ್ಯಾಯವೇ. ಒಬ್ಬರಿಗೆ ಒಂದು, ಸ್ವಲ್ಪ ಹೊತ್ತಿಗೆ, ಬಂದೇ ಬರುವವರಿಗೆ: ಇಷ್ಟಿದ್ದರೆ ಜಾಗ ಹಿಡಿಯುವುದು ಉಪಕಾರ. ಇದನ್ನು ಮೀರಿದರೆ ಬೇರೆಯವರ ಪಾಲು ಕಸಿದುಕೊಂಡ ಹಾಗೆ.

ಅದೇ ಬಯಲಾಟದ ಗದ್ದೆಯಲ್ಲಿ ಎದುರಿನ ಸಾಲುಗಳಿಗೆ ಸಂಘಟಕರೇ ‘ಗಣ್ಯರಿಗೆ’ ಎಂದು ಕಾಗದ ಅಂಟಿಸಿರುತ್ತಾರೆ. ಪೀಠಿಕೆ ವೇಷ ಕುಣಿದು ಹೋಗಿ, ಪ್ರಸಂಗ ಅರ್ಧಕ್ಕೆ ಬಂದರೂ ಆ ಸಾಲು ಖಾಲಿ. ಹಿಂದೆ ನಿಂತೇ ಆಟ ನೋಡುವವರು ನೂರಾರು ಜನ. ಊರಿಗೆ ಕುರ್ಚಿ ಹಿಡಿಯುವ ಪಾಠ ಕಲಿಸುತ್ತಿರುವವರು ಮೊದಲಿಗೆ ಇವರೇ. ಆಮಂತ್ರಿತರಿಗೆ ಜಾಗ ಇಡಲಿ, ಬೇಡ ಎನ್ನುವವರಿಲ್ಲ. ಪ್ರಸಂಗ ಶುರುವಾಗಿ ಕಾಲು ಗಂಟೆ ಕಳೆದರೂ ಅವರು ಬರದಿದ್ದರೆ ಕಾಗದ ಕಿತ್ತು ಜನರನ್ನು ಕೂರಿಸಬೇಕು. ತಡವಾಗಿ ಬಂದ ಗಣ್ಯರು ಹಿಂದಿನ ಸಾಲಿನಲ್ಲಿ ಕೂತರೆ ಅವರ ಗೌರವ ಕಡಿಮೆಯಾಗುವುದಿಲ್ಲ.

ಅವಧಿ ಮುಗಿದ ಕೂಡಲೇ ಪೀಠ ಬಿಟ್ಟುಕೊಡುವ ಶಿಸ್ತು ಉಡುಪಿಗೆ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ. ಕೃಷ್ಣಮಠದ ಪೂಜೆಯ ಹೊಣೆ ಎಂಟು ಮಠಗಳಲ್ಲಿ ಸರದಿಯಂತೆ ಸುತ್ತುತ್ತದೆ, ಅದೇ ಪರ್ಯಾಯ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು 16ನೇ ಶತಮಾನದ ವಾದಿರಾಜರು. ಇಂದಿಗೂ ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಒಬ್ಬ ಯತಿ ಅಕ್ಷಯಪಾತ್ರೆ, ಸಟ್ಟುಗಗಳನ್ನು ಮತ್ತೊಬ್ಬರಿಗೆ ಒಪ್ಪಿಸಿ ಸರ್ವಜ್ಞ ಪೀಠದಲ್ಲಿ ಕೂರಿಸುತ್ತಾರೆ. ಮತ್ತೆ ತಮ್ಮ ಸರದಿ ಬರಲು 14 ವರ್ಷ ಕಾಯಬೇಕು ಎಂದು ಗೊತ್ತಿದ್ದೇ ಒಪ್ಪಿಸುತ್ತಾರೆ. ಜೋಡುಕಟ್ಟೆಯಿಂದ ಬರುವ ಪರ್ಯಾಯದ ಮೆರವಣಿಗೆ ನೋಡಲು ರಾತ್ರಿಯಿಡೀ ದಾರಿಯ ಬದಿಯಲ್ಲಿ ಜಾಗ ಹಿಡಿದು ಕೂರುವ ಸಾವಿರಾರು ಜನರ ಕಣ್ಣೆದುರೇ ಇದು ನಡೆಯುತ್ತ ಬಂದಿದೆ.

ಈ ಶಿಸ್ತು ನಮ್ಮ ಕಡಲತೀರಕ್ಕೂ ಬೇಕು. ಕಾಪು ತಾಲೂಕಿನ ಪಡುಬಿದ್ರಿ ಕಡಲತೀರಕ್ಕೆ 2020ರ ಅಕ್ಟೋಬರಿನಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಆ ವರ್ಷ ದೇಶದ ಎಂಟು ತೀರಗಳಿಗೆ ಸಿಕ್ಕ ಈ ಮನ್ನಣೆ ಕರ್ನಾಟಕದಲ್ಲಿ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿಗೆ ಬಂತು. ನೀರಿನ ಶುದ್ಧಿ, ಸುರಕ್ಷತೆ, ಸೌಕರ್ಯ, ಪರಿಸರ ಶಿಕ್ಷಣ ಎಂದು ಅದಕ್ಕೆ 33 ಮಾನದಂಡಗಳಿವೆ. ಭಾನುವಾರ ಸಂಜೆ ನೆರಳಿನ ಜಾಗಕ್ಕೆ ಬೇಡಿಕೆ ಹೆಚ್ಚು. ಇಂಥ ತೀರಗಳಲ್ಲಿ ಒಂದೇ ಕುಟುಂಬ ಚಾಪೆ, ಟಿಫಿನ್ ಕ್ಯಾರಿಯರ್ ಇಟ್ಟು ನೆರಳು ಹಿಡಿದು ನೀರಿಗಿಳಿದರೆ, ಬೇರೆಯವರು ಬಿಸಿಲಿಗೆ ಮಗುವನ್ನು ಒಡ್ಡಿ ಕಾಯಬೇಕಾಗುತ್ತದೆ. ಅರ್ಧ ಗಂಟೆಯ ನಿಯಮ ಬರೆದ ಒಂದು ಫಲಕ, ಅದನ್ನು ನಗುಮುಖದಿಂದ ನೆನಪಿಸುವ ಒಬ್ಬ ಸಿಬ್ಬಂದಿ ಇದ್ದರೆ ಸಾಕು. ಪಕ್ಕದ ಕಾಪುವಿನಲ್ಲಿ 1901ರ ದೀಪಸ್ತಂಭ ಇದೆ. ಮೇಲಿನ ಬಾಲ್ಕನಿ ಕಿರಿದು, ಸಂಜೆ ಬಿಡುವುದು ಸೀಮಿತ ಹೊತ್ತು. ಒಬ್ಬರು ಇಳಿದರೆ ಮತ್ತೊಬ್ಬರಿಗೆ ಜಾಗ ಎಂಬುದನ್ನು ಅಲ್ಲಿ ಎಲ್ಲರೂ ಒಪ್ಪಿಕೊಂಡೇ ಮೆಟ್ಟಿಲು ಹತ್ತುತ್ತಾರೆ.

ಮದುವೆ ಹಾಲಿನವರಿಗೂ ಇದು ಕಷ್ಟದ ಕೆಲಸವಲ್ಲ. ಪಂಕ್ತಿ ಶುರುವಾಗುವಾಗ ಬಾಗಿಲಲ್ಲಿ ಇಬ್ಬರು ನಿಂತು, ಬಂದವರನ್ನು ಬಂದ ಹಾಗೆ ಸಾಲಿನ ಒಂದು ತುದಿಯಿಂದ ಕೂರಿಸುತ್ತ ಹೋದರೆ ಬ್ಯಾಗು ಇಡಲು ಅವಕಾಶವೇ ಇರುವುದಿಲ್ಲ. ಒಂಟಿಯಾಗಿ ಬಂದ ಅಕ್ಕನನ್ನು ಕೈಹಿಡಿದು ಮೊದಲ ಎಲೆಗೆ ಕೂರಿಸುವುದು ಮನೆಯವರ ಕೆಲಸ. ಹಿಂದೆ ಮನೆಯಂಗಳದ ಚಪ್ಪರದಲ್ಲಿ ನೆಲದ ಮೇಲೆ ಪಂಕ್ತಿ ಹಾಕುತ್ತಿದ್ದಾಗ ಮನೆಯ ಹಿರಿಯರು ಮಾಡುತ್ತಿದ್ದದ್ದೂ ಅದನ್ನೇ. ಅಡುಗೆಯ ಹಾಗೆ ಆ ಹೊಣೆಯನ್ನೂ ಕಾಂಟ್ರಾಕ್ಟಿಗೆ ಕೊಟ್ಟೆವು ಎಂದುಕೊಂಡರೆ ಅದು ಯಾರದೂ ಆಗದೆ ಉಳಿಯುತ್ತದೆ.

ಕಾರ್ಕಳದ ಗೊಮ್ಮಟನಿಗೆ 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಆ ಮೂರ್ತಿಗೆ ಹಿಂದಿನ ಅಭಿಷೇಕ ನಡೆದದ್ದು 2015ರ ಜನವರಿಯಲ್ಲಿ, ಲೆಕ್ಕದಂತೆ ಮುಂದಿನದು 2027ರಲ್ಲಿ. ಬಂಡೆಯ ಮೇಲೆ ಜಾಗ ಕಿರಿದು, ಬರುವವರಲ್ಲಿ ಮೆಟ್ಟಿಲು ಹತ್ತಲು ತಡವಾಗುವ ಹಿರಿಯರೇ ಹೆಚ್ಚು. ಅಲ್ಲಿ ಕುರ್ಚಿ ಹಾಕುವ ಸಮಿತಿಗಳು ಯಾವ ಕುರ್ಚಿ ಯಾರಿಗೆ, ಎಷ್ಟು ಹೊತ್ತಿಗೆ ಎಂದು ಮೊದಲೇ ತೀರ್ಮಾನಿಸಿ ಬರೆದು ಹಾಕಲಿ, ಖಾಲಿ ಕುರ್ಚಿಯ ಮೇಲಿನ ಬಟ್ಟೆ ಎತ್ತುವ ಅಧಿಕಾರವನ್ನು ಸ್ವಯಂಸೇವಕರಿಗೆ ಕೊಡಲಿ. ಅವರು ಎತ್ತಿದಾಗ ಊರಿನವರು ಅವರ ಪರವಾಗಿ ನಿಲ್ಲಲಿ.